ಪುಟ್ಟಸ್ವಾಮಯ್ಯ ಮೇಷ್ಟ್ರ ಒಂದು ವಾಕ್ಯ

ಗೌರಿಬಿದನೂರಿನ ಹೈಸ್ಕೂಲು ಹುಡುಗರ ಪ್ರಕಾರ ಪುಟ್ಟಸ್ವಾಮಯ್ಯ ಮೇಷ್ಟ್ರಷ್ಟು ಅದೃಷ್ಟಗೇಡಿಗಳು ಆ ತಾಲ್ಲೂಕಿನಲ್ಲೇ ಇರಲಿಲ್ಲ. ಅವರ ಮನೆಯಲ್ಲಿ ಒಲೆಯ ಮೇಲಿಟ್ಟ ಹಾಲು ಉಕ್ಕದೆ ಇಳಿದದ್ದೇ ಇಲ್ಲ. ಅವರು ಹತ್ತಿದ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಲ್ಲುತ್ತಿತ್ತು. ಗಾಳಿ ಬೀಸಿದರೆ ಊರಿನ ಎಲ್ಲ ಕೊಡೆಗಳನ್ನೂ ಬಿಟ್ಟು ಅವರ ಕೊಡೆಯನ್ನೇ ಹಾರಿಸಿಕೊಂಡು ಹೋಗುತ್ತಿತ್ತು. ಚಪ್ಪಲಿಯ ಉಂಗುಷ್ಠ ಕಿತ್ತುಬರುತ್ತಿದ್ದದ್ದು ಸರಿಯಾಗಿ ಸಂತೆಯ ನಟ್ಟನಡುವೆ. ಇದೆಲ್ಲ ಹುಡುಗರಿಗೆ ತಿಳಿದದ್ದು ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದ ಇಂಗ್ಲಿಷ್ ವಾಕ್ಯಗಳಿಂದ. ಯಾವ ಪಾಠವಿರಲಿ, ಯಾವ ಪದವಿರಲಿ, ವಾಕ್ಯದ ಮೊದಲಲ್ಲಿ ಅವರದೇ ಹೆಸರು ಬಂದು ಕೂರುತ್ತಿತ್ತು. ಕೆಟ್ಟದ್ದೆಲ್ಲ ಆಗುತ್ತಿದ್ದದ್ದು ಅವರಿಗೇ.

ಅದಕ್ಕೂ ವರ್ಷಗಳ ಹಿಂದೆ ಶಿಡ್ಲಘಟ್ಟದ ಸ್ಕೂಲಿನಲ್ಲಿ ಅವರ ಪಾಠ ಕೇಳಿದ್ದವರು ಇದನ್ನು ನಂಬುತ್ತಿರಲಿಲ್ಲ. ಅಲ್ಲಿ ಅವರ ವಾಕ್ಯಗಳಲ್ಲಿ ಇಡೀ ಊರೇ ಓಡಾಡುತ್ತಿತ್ತು, ಅವರೊಬ್ಬರನ್ನು ಬಿಟ್ಟು.

ಪುಟ್ಟಸ್ವಾಮಯ್ಯ ಹುಟ್ಟಿದ್ದು ನಂದಿಯಲ್ಲಿ. ಹುಡುಗರಾಗಿದ್ದಾಗ ಅವರು ಇಂಗ್ಲಿಷ್ ಕಲಿತದ್ದು ಹಡಗು ಹೊರಡುವ, ಹಿಮ ಬೀಳುವ ವಾಕ್ಯಗಳಿಂದ. ಹಡಗನ್ನೂ ನೋಡಿರಲಿಲ್ಲ, ಹಿಮವನ್ನೂ ನೋಡಿರಲಿಲ್ಲ. ಪರೀಕ್ಷೆಯಲ್ಲಿ ಪಾಸಾದರು, ಆದರೆ ಕಲಿತ ಭಾಷೆ ಬಾಯಿಗೆ ಬರಲಿಲ್ಲ. ತಾವು ಮೇಷ್ಟ್ರಾದಾಗ ಮನಸ್ಸಿನಲ್ಲೇ ಒಂದು ನೇಮ ಮಾಡಿಕೊಂಡರು: ನನ್ನ ಹುಡುಗರು ಕಂಡದ್ದನ್ನೇ ಇಂಗ್ಲಿಷಿನಲ್ಲಿ ಹೇಳಬೇಕು. ಅದರಲ್ಲೂ ಅವರಿಗೆ ಮೆಚ್ಚಾಗಿದ್ದದ್ದು ಕ್ರಿಯಾಪದದ ಬಾಲಕ್ಕೆ ಒಂದು ಪುಟ್ಟ ಪದ ಅಂಟಿಕೊಂಡು ಅರ್ಥವೇ ಬೇರೆಯಾಗುವ ಮಾತುಗಳು. ಅವನ್ನು ಅವರು ಜೋಡಿಪದ ಎನ್ನುತ್ತಿದ್ದರು. ಲುಕ್ ಎಂದರೆ ನೋಡು. ಲುಕ್ ಆಫ್ಟರ್ ಎಂದರೆ ನೋಡಿಕೋ, ಸಾಕು. ಪುಸ್ತಕದಲ್ಲಿ ಯಾರೋ ದಾದಿ ಮಗುವನ್ನು ನೋಡಿಕೊಳ್ಳುತ್ತಿದ್ದರೆ, ಮೇಷ್ಟ್ರ ಬೋರ್ಡಿನ ಮೇಲೆ ಸ್ಕೂಲಿನ ಜವಾನ ಕೋನಪ್ಪ ಗಂಟೆಯನ್ನು ನೋಡಿಕೊಳ್ಳುತ್ತಿದ್ದ. ಹುಡುಗರು ನಗುತ್ತಿದ್ದರು, ಕೋನಪ್ಪನೂ ಬಾಗಿಲಲ್ಲಿ ನಿಂತು ನಗುತ್ತಿದ್ದ, ಪದ ಮಾತ್ರ ಯಾರಿಗೂ ಮರೆಯುತ್ತಿರಲಿಲ್ಲ.

ಒಮ್ಮೆ ಗಿವ್ ಅಪ್ ಬಂತು. ಬಿಟ್ಟುಬಿಡು ಎಂಬ ಅರ್ಥ. ದಿನಸಿ ಅಂಗಡಿಯ ವೆಂಕಟರವಣಪ್ಪ ಆ ವಾರವೇ ಬೀಡಿ ಬಿಟ್ಟಿದ್ದ. ಮೇಷ್ಟ್ರು ಅದನ್ನೇ ಬರೆದರು. ಸಂಜೆ ಹುಡುಗರು ಅಂಗಡಿಯ ಮುಂದೆ ಸಾಲಾಗಿ ನಿಂತರು.

"ಏನಣ್ಣಾ, ಗೇವ್ ಅಪ್ಪಾ?"

"ಏನ್ರೋ ಅದು?"

"ಬೀಡಿ ಬಿಟ್ಯಲ್ಲ, ಅದುಕ್ಕೆ ಇಂಗ್ಲಿಷ್ನಲ್ಲಿ ಹಂಗಂತಾರೆ."

ವೆಂಕಟರವಣಪ್ಪ ಮುಂದೆ ಎಷ್ಟೋ ಸಲ ಬೀಡಿಗೆ ಕೈಹಾಕಿ, ಬೀದಿಯಲ್ಲಿ ಹುಡುಗರ ತಲೆ ಕಂಡು ಕೈ ಹಿಂದಕ್ಕೆ ತೆಗೆದ. "ನಿಮ್ಮ ಇಂಗ್ಲಿಷು ನನ್ನ ಬಾಯಿಗೆ ಬೀಗ ಹಾಕ್ತಲ್ಲ ಮೇಷ್ಟ್ರೇ" ಎಂದು ಅವನು ದೂರಿದಾಗ ಪುಟ್ಟಸ್ವಾಮಯ್ಯನವರ ಎದೆ ಉಬ್ಬಿತ್ತು. ಬೋರ್ಡಿನ ಮೇಲೆ ಬರೆದ ಮಾತು ಬೀದಿಗೆ ಇಳಿದು ಹೋಗುತ್ತದೆ ಎನ್ನುವುದು ಅವರಿಗೆ ಅಂದೇ ಗೊತ್ತಾಗಿತ್ತು.

ಅರವತ್ತೊಂದನೇ ಇಸವಿಯ ಒಂದು ಭಾನುವಾರ, ಶಿಡ್ಲಘಟ್ಟದ ಸ್ಕೂಲಿನ ಹಿಂದಿನ ಬೀದಿಯ ರಾಮಾಂಜಿನಪ್ಪನ ಮನೆಯ ಮುಂದೆ ಹಸಿರು ಚಪ್ಪರ ಎದ್ದಿತು. ರಾಮಾಂಜಿನಪ್ಪ ಮೇಲೂರು ದಾರಿಯಲ್ಲಿ ಹಿಪ್ಪುನೇರಳೆ ತೋಟ ಇಟ್ಟುಕೊಂಡು ರೇಷ್ಮೆಹುಳ ಸಾಕುತ್ತಿದ್ದವನು. ದೊಡ್ಡ ಮಗಳು ಕದಿರಮ್ಮನಿಗೆ ಅಂದು ವೀಳ್ಯಶಾಸ್ತ್ರ. ಪೆರೇಸಂದ್ರದ ಗಂಡಿನ ಕಡೆಯವರು ಬಂದು, ಎಲೆ ಅಡಿಕೆ ಬದಲಾಯಿಸಿ, ಮಾತು ಗಟ್ಟಿ ಮಾಡಬೇಕಿತ್ತು. ಚಿಕ್ಕ ಮಗಳು ಗಂಗುಲಮ್ಮ ಪುಟ್ಟಸ್ವಾಮಯ್ಯನವರ ಕ್ಲಾಸಿನಲ್ಲಿ ಓದುತ್ತಿದ್ದಳು, ಹಾಗಾಗಿ ಮೇಷ್ಟ್ರಿಗೂ ಕರೆ ಬಂದಿತ್ತು.

ಜಮಖಾನದ ಮೇಲೆ ಊರಿನ ಹಿರಿಯರ ಜೊತೆ ಅವರೂ ಕೂತಿದ್ದರು. ಚಿಕ್ಕಬಳ್ಳಾಪುರದ ಕಡೆಯಿಂದ ಪುಟ್ಟ ರೈಲು ಬಂದು ಹೋಯಿತು. ಬಸ್ಸು ಬಂದು ಹೋಯಿತು. ತಟ್ಟೆಯಲ್ಲಿ ಜೋಡಿಸಿಟ್ಟ ವೀಳ್ಯದೆಲೆಯ ಮೇಲೆ ಹೆಂಗಸರು ಮತ್ತೆ ಮತ್ತೆ ನೀರು ಚಿಮುಕಿಸಿದರು. ಬಿಸಿಲು ಇಳಿಯುವ ಹೊತ್ತಿಗೆ ಸೈಕಲ್ಲಿನಲ್ಲಿ ಒಬ್ಬ ಬಂದು ರಾಮಾಂಜಿನಪ್ಪನನ್ನು ಪಕ್ಕಕ್ಕೆ ಕರೆದ. ಪೆರೇಸಂದ್ರದವರು ಚಿಂತಾಮಣಿ ಕಡೆಯ ಬೇರೊಂದು ಹೆಣ್ಣನ್ನು ಒಪ್ಪಿಕೊಂಡಿದ್ದರು.

ರಾಮಾಂಜಿನಪ್ಪ ಚಪ್ಪರದ ನಡುವೆ ಬಂದು ಕೈ ಮುಗಿದ. "ಅಡಿಗೆ ಆಗೈತೆ. ಯಾರೂ ಹಸ್ಕೊಂಡು ಹೋಗ್ಬೇಡಿ ಸ್ವಾಮಿ. ನಮ್ಮ ಹುಡುಗಿ ಮೇಲೆ ಆಣೆ."

ಮೇಷ್ಟ್ರ ಬಳಿಗೆ ಅವನೇ ಒಂದು ತಟ್ಟೆ ತಂದ. "ನೀವು ನಮ್ಮನೇಲಿ ಊಟ ಮಾಡಲ್ಲ, ಗೊತ್ತು ಮೇಷ್ಟ್ರೇ. ಈ ಕಾಯಿ, ಬಾಳೆಹಣ್ಣು ತಗೊಳ್ಳಿ. ಬರೀ ಕೈಲಿ ಹೋಗ್ಬಾರ್ದು."

ಮಾರನೇ ಬೆಳಿಗ್ಗೆ ಮೇಷ್ಟ್ರ ಹೆಂಡತಿ ಪದ್ಮಮ್ಮ ಅದೇ ಕಾಯಿ ತುರಿದು ಚಟ್ನಿ ರುಬ್ಬಿದರು. "ಪಾಪ, ಆ ಹುಡುಗಿ ಒಳಗೆ ಹೇಗೆ ಕೂತಿತ್ತೋ" ಎಂದು ತುರಿಯುತ್ತಾ ಅಂದರು. ಪುಟ್ಟಸ್ವಾಮಯ್ಯ ಹೂಂ ಅಂದರು, ದೋಸೆಗೆ ಇನ್ನಷ್ಟು ಚಟ್ನಿ ಹಾಕಿಸಿಕೊಂಡರು, ಸ್ಕೂಲಿಗೆ ಹೋದರು.

ಅಂದು ಸ್ಕೂಲಿಗೆ ಇನ್ಸ್‌ಪೆಕ್ಟರು ಬಂದಿದ್ದರು. ಪುಟ್ಟಸ್ವಾಮಯ್ಯನವರ ಕ್ಲಾಸಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಜೋಡಿಪದದ ಸರದಿಯಲ್ಲಿ ಟರ್ನ್ ಅಪ್ ಬಂದಿತ್ತು. ಬರಬೇಕಾದವರು ಬಂದು ಮುಖ ತೋರಿಸುವುದು ಎಂದು ಅರ್ಥ. ಮೇಷ್ಟ್ರು ಯಾಕೋ ತಡವರಿಸಿ ಪುಸ್ತಕದ ವಾಕ್ಯವನ್ನೇ ಓದಿದರು. ಹುಡುಗರು ಹೆದರಿ ಸುಮ್ಮನೆ ಕೂತಿದ್ದರು.

"ನಿಮ್ಮ ವಾಕ್ಯಗಳ ವಿಷಯ ಬಹಳ ಕೇಳಿದ್ದೆ. ಇದು ಪುಸ್ತಕದ್ದಾಯ್ತಲ್ಲ" ಎಂದರು ಇನ್ಸ್‌ಪೆಕ್ಟರು. "ಜೀವ ಇರೋದು ಒಂದು ಹೇಳಿ, ನೋಡೋಣ."

ಪುಟ್ಟಸ್ವಾಮಯ್ಯ ಒಂದು ಗಳಿಗೆ ಕಿಟಕಿಯ ಕಡೆ ನೋಡಿದರು. ಗಂಗುಲಮ್ಮ ಅಲ್ಲಿ ಕೂತಿದ್ದಳು. ಅವರು ಅವಳನ್ನು ಕಂಡರು. ಕಾಣಲಿಲ್ಲ ಎಂದು ಆಮೇಲೆ ತಮಗೆ ತಾವೇ ಹೇಳಿಕೊಳ್ಳಲು ಎಷ್ಟೋ ಪ್ರಯತ್ನಪಟ್ಟರು, ಆದರೆ ಕಂಡಿದ್ದರು. ಅವಳ ಜಡೆಗೆ ಹಿಂದಿನ ದಿನ ಮುಡಿದ ಕನಕಾಂಬರ ಬಾಡಿ ಅಂಟಿಕೊಂಡದ್ದೂ ಕಂಡಿತ್ತು. ಕಂಡೂ ಅವರ ಕೈ ಬೋರ್ಡಿನ ಮೇಲೆ ಓಡಿತು.

"ದಿ ಬ್ರೈಡ್‌ಗ್ರೂಮ್ಸ್ ಪಾರ್ಟಿ ಡಿಡ್ ನಾಟ್ ಟರ್ನ್ ಅಪ್." ಗಂಡಿನ ಕಡೆಯವರು ಬರಲೇ ಇಲ್ಲ.

ಹಿಂದಿನ ಬೆಂಚಿನಿಂದ ಚನ್ನಕೇಶವ ಎದ್ದುನಿಂತ. ಅವನು ಕ್ಲಾಸಿಗೆಲ್ಲ ಚುರುಕು, ವಾಕ್ಯ ಬೆಳೆಸುವುದರಲ್ಲಿ ಗಟ್ಟಿಗ. "ಅಟ್ ಗಂಗುಲಮ್ಮಾಸ್ ಹೌಸ್, ಸಾರ್!"

ಇಡೀ ಕ್ಲಾಸು ಘೊಳ್ಳೆಂದಿತು. ಏನೂ ತಿಳಿಯದ ಇನ್ಸ್‌ಪೆಕ್ಟರೂ ಹುಡುಗರ ನಗು ಕಂಡು ನಕ್ಕು, "ಭೇಷ್! ಇದು ಪಾಠ ಅಂದ್ರೆ" ಎಂದರು. ಪುಟ್ಟಸ್ವಾಮಯ್ಯನವರ ಮುಖದ ಮೇಲೂ ಒಂದು ನಗು ಮೂಡಿತು. ಅದನ್ನು ಅವರು ಕರೆದಿರಲಿಲ್ಲ. ಹೊಗಳಿಕೆ ಕೇಳಿದ ಮುಖ ತಾನಾಗಿಯೇ ಅರಳಿತ್ತು. ಗಂಗುಲಮ್ಮ ನೋಡಿದ್ದು ಆ ನಗುವನ್ನು. ಅವಳು ಅಳಲಿಲ್ಲ. ತಲೆ ತಗ್ಗಿಸಿ ಜಡೆಯ ಹೂವನ್ನು ಒಂದೊಂದಾಗಿ ಕಿತ್ತು ಬೆಂಚಿನ ಕೆಳಗೆ ಹಾಕಿದಳು.

ಮಾರನೇ ದಿನದಿಂದ ಅವಳು ಸ್ಕೂಲಿಗೆ ಬರಲಿಲ್ಲ.

ಮಾತು ಮಾತ್ರ ಊರು ಸುತ್ತಿತು. ಕ್ಷೌರದ ಅಂಗಡಿಯಲ್ಲಿ ಕತ್ತರಿ ಹಿಡಿದವನು, ಗಿರಾಕಿ ಬರಲಿಲ್ಲವೆಂದು ಹೇಳಲು ಅದೇ ಮಾತು ಆಡಿದ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು, "ಡ್ರೈವರ್ರು ಇನ್ನಾ ಟರ್ನಪ್ ಆಗ್ಲಿಲ್ಲಪ್ಪ" ಅಂದ. ಅಕ್ಷರ ಬಾರದ ಮುದುಕರ ಬಾಯಲ್ಲೂ ಅದು ಉರುಳಿತು. ಬೇರೆ ಯಾವ ಜೋಡಿಪದವೂ ಇಷ್ಟು ಬೇಗ ಊರಿಗೆ ಬಂದಿರಲಿಲ್ಲ. ಒಂದು ಸಂಜೆ ಪುಟ್ಟಸ್ವಾಮಯ್ಯ ಮನೆಗೆ ಬರುತ್ತಿದ್ದಾಗ, ಎದುರಿಗೆ ಕದಿರಮ್ಮ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆ ಹೊತ್ತು ಬರುತ್ತಿದ್ದಳು. ಹಿಂದೆ ಚಿಳ್ಳೆಪಿಳ್ಳೆಗಳ ಒಂದು ಹಿಂಡು.

"ಡಿಡ್ ನಾಟು! ಡಿಡ್ ನಾಟು!"

ವಾಕ್ಯವೆಲ್ಲ ಸವೆದು ಅಷ್ಟೇ ಉಳಿದಿತ್ತು. ಇನ್ನೂ ಸ್ಕೂಲು ಕಾಣದ ಮಕ್ಕಳು ಅವು. ಕದಿರಮ್ಮ ಹಿಂತಿರುಗಿ ನೋಡಲಿಲ್ಲ. ಕುಕ್ಕೆ ಹಿಡಿದ ಕೈ ಮಾತ್ರ ಬಿಗಿಯಾಗಿತ್ತು. ಮೇಷ್ಟ್ರು ಪಕ್ಕದ ಗಲ್ಲಿಗೆ ಸರಿದು, ಅವಳು ದಾಟಿಹೋಗುವವರೆಗೆ ಗೋಡೆಗೆ ಒರಗಿ ನಿಂತರು.

ಮನೆಯಲ್ಲಿ ಪದ್ಮಮ್ಮನಿಗೂ ಸುದ್ದಿ ಮುಟ್ಟಿತ್ತು. "ಅದೇನೋ ಅಂದ್ರಂತಲ್ಲ ಕ್ಲಾಸಲ್ಲಿ. ಏನದು?"

ಅವರು ಇಂಗ್ಲಿಷಿನಲ್ಲೇ ಹೇಳಿದರು.

"ನಂಗೇನು ಅರ್ಥ ಆಗತ್ತೆ? ಕನ್ನಡದಲ್ಲಿ ಹೇಳಿ."

ಕನ್ನಡದಲ್ಲಿ ಹೇಳಲು ಬಹಳ ಹೊತ್ತು ಹಿಡಿಯಿತು. ಕೇಳಿ ಪದ್ಮಮ್ಮ ಒಲೆಯ ಮುಂದೆ ಹಾಗೇ ಕೂತರು. "ಆ ಕಾಯಿ ಚಟ್ನಿ ತಿಂದುಕೊಂಡು ಹೋಗಿ ಇದನ್ನ ಹೇಳಿದ್ರಾ?" ಎಂದಷ್ಟೇ ಕೇಳಿದರು. ಆಮೇಲೆ ಎದ್ದು ಪಾತ್ರೆ ತೊಳೆಯಲು ಹೋದರು.

ಮಾರನೇ ಸಂಜೆ ಮೇಷ್ಟ್ರು ರಾಮಾಂಜಿನಪ್ಪನ ಮನೆಗೆ ಹೋದರು. ಬಾಗಿಲು ಅರ್ಧ ಮುಚ್ಚಿತ್ತು, ಚೌಕಟ್ಟಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ರಾಮಾಂಜಿನಪ್ಪ ಹೊರಗೆ ಬಂದು ಜಗಲಿಯ ಮೇಲೆ ಚಾಪೆ ಹಾಸಿದ.

"ಒಳಗೆ ಕರೆಯೋ ಹಂಗಿಲ್ಲ ಮೇಷ್ಟ್ರೇ, ಮನಸ್ಸಿಗೆ ಹಚ್ಕೋಬೇಡಿ. ಹುಳ ನಾಲ್ಕನೇ ಜ್ವರ ಎದ್ದವೆ. ಹೊರಗಿನವರು ಒಳಕ್ಕೆ ಬಂದ್ರೆ ಆಗಕಿಲ್ಲ."

ನಾಲ್ಕನೇ ಸಲ ಪೊರೆ ಕಳಚಿ ಎದ್ದ ಹುಳ ಮೇಯುವಾಗ ಯಾವ ಮನೆಯವರೂ ಪರರನ್ನು ಒಳಗೆ ಬಿಡುವುದಿಲ್ಲ. ಆ ಊರಿನಲ್ಲಿ ಇಷ್ಟು ವರ್ಷ ಇದ್ದ ಪುಟ್ಟಸ್ವಾಮಯ್ಯನವರಿಗೆ ಅದು ಗೊತ್ತಿತ್ತು. ಆದರೂ ಅರ್ಧ ಮುಚ್ಚಿದ ಆ ಬಾಗಿಲು ಹುಳಕ್ಕಾಗಿಯೋ ತಮಗಾಗಿಯೋ ಎಂದು ಅವರ ಕಣ್ಣು ಮತ್ತೆ ಮತ್ತೆ ಅತ್ತಲೇ ಹೋಗುತ್ತಿತ್ತು.

"ಗಂಗುಲಮ್ಮ ಸ್ಕೂಲಿಗೆ ಬರ್ತಿಲ್ಲ" ಅಂದರು.

"ಹುಳದ ಕೆಲಸ ಅಂತಾಳೆ. ಅದಲ್ಲ ಅಂತ ನಂಗೂ ಗೊತ್ತು." ರಾಮಾಂಜಿನಪ್ಪ ದನಿ ತಗ್ಗಿಸಿದ. "ಬೀದೀಲಿ ಹುಡುಗ್ರು ಏನೋ ಕೂಗ್ತವೆ ಮೇಷ್ಟ್ರೇ, ಡಿಡ್ಡು ನಾಟು ಅಂತ. ನಾನು ಓದ್ದೋನಲ್ಲ. ಗಂಗುಲನ್ನ ಕೇಳಿದ್ರೆ ಬಾಯೇ ಬಿಡಲ್ಲ. ನೀವು ಇಂಗ್ಲಿಷ್ ಮೇಷ್ಟ್ರು. ಅದೇನು ಅಂತ ಹೇಳಿಬಿಡಿ. ಕೆಟ್ಟ ಬೈಗುಳಾನಾ?"

ಅವನ ಮುಖದಲ್ಲಿ ನಂಬಿಕೆ ಬಿಟ್ಟು ಬೇರೇನೂ ಇರಲಿಲ್ಲ. ಇಡೀ ಊರಿಗೆ ಅರ್ಥ ಹೇಳಿಕೊಟ್ಟಿದ್ದ ಪುಟ್ಟಸ್ವಾಮಯ್ಯ ಆ ಮುಖದಿಂದ ಕಣ್ಣು ತಪ್ಪಿಸಿದರು.

"ಏನಿಲ್ಲ ರಾಮಾಂಜಿನಪ್ಪ. ರೈಲು ಬರಲಿಲ್ಲ ಅಂತ. ಪಾಠದಲ್ಲಿ ಬರೋ ಮಾತು."

"ಓ, ರೈಲಾ!" ರಾಮಾಂಜಿನಪ್ಪ ಜೋರಾಗಿ ನಕ್ಕ. ಎಷ್ಟು ದಿನದಿಂದ ಹಿಡಿದಿಟ್ಟ ಉಸಿರೋ. ಬಾಗಿಲ ಕಡೆ ತಿರುಗಿ, "ಕೇಳಿದ್ಯೇನೇ ಅಕ್ಕಯ್ಯಮ್ಮಾ, ರೈಲಂತೆ ಕಣೇ! ನೀನು ಸುಮ್ಕೆ ಅಳ್ತಿದ್ದೆ" ಎಂದು ಹೆಂಡತಿಗೆ ಕೂಗಿ ಹೇಳಿದ.

ಒಳಗೆ ಯಾರೋ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದರು. ಆ ಸರಸರ ಸದ್ದು ತಟ್ಟನೆ ನಿಂತಿತು. ಒಳಗಿದ್ದವಳು ಗಂಗುಲಮ್ಮನೇ ಎಂದು ಮೇಷ್ಟ್ರಿಗೆ ತಿಳಿಯಿತು. ಅವಳಿಗೆ ಆ ಮಾತಿನ ಅರ್ಥ ಚೆನ್ನಾಗಿ ಗೊತ್ತಿತ್ತು, ಕಲಿಸಿದವರು ಇವರೇ. ಅವರು ಚಾಪೆಯಿಂದ ಎದ್ದು ಹೊರಟರು.

ಮಾರನೇ ದಿನ ಸ್ಕೂಲಿಗೆ ಹೋಗುವ ಮೊದಲೇ ಮತ್ತೆ ಅದೇ ಜಗಲಿಗೆ ಬಂದರು. ಚಾಪೆಯ ಮೇಲೆ ಕೂರಲಿಲ್ಲ. ನಿಂತೇ ಹೇಳಿದರು: ರೈಲಲ್ಲ, ಗಂಡಿನ ಕಡೆಯವರು. ಹೇಳಿದವನು ನಾನು. ಇನ್ಸ್‌ಪೆಕ್ಟರು ಮೆಚ್ಚಲಿ ಅಂತ ಹೇಳಿದೆ. ನಿನ್ನೆ ನಿನಗೆ ಸುಳ್ಳು ಹೇಳಿದೆ.

ರಾಮಾಂಜಿನಪ್ಪ ಬೈದಿದ್ದರೆ ಮೇಷ್ಟ್ರಿಗೆ ಸುಲಭವಾಗುತ್ತಿತ್ತು. ಅವನು ಕಾಲ ಬಳಿ ಬಿದ್ದಿದ್ದ ಒಂದು ಸೊಪ್ಪನ್ನು ಎತ್ತಿಕೊಂಡು ಮಡಿಸುತ್ತ, ಬಿಚ್ಚುತ್ತ ನಿಂತ. ಉತ್ತರ ಬಂದದ್ದು ಬಾಗಿಲ ಹಿಂದಿನಿಂದ, ಕದಿರಮ್ಮನಿಂದ.

"ಅವರು ಬರಲಿಲ್ಲ ಅಂತ ಊರಿಗೆಲ್ಲ ಗೊತ್ತಿತ್ತು ಸಾ. ನೀವೇನು ಹೊಸದು ಹೇಳ್ಲಿಲ್ಲ."

"ಅಲ್ಲಮ್ಮ, ನಾನು..."

"ಅವತ್ತು ಚಪ್ಪರದಲ್ಲಿ ಒಬ್ರೂ ನಗಲಿಲ್ಲ. ನಮ್ಮನ್ನ ಕಂಡ್ರಾಗದೋರೂ ಊಟ ಮಾಡಿ, ನನ್ನ ತಲೆ ಸವರಿ ಹೋದ್ರು. ನೀವು ಇಂಗ್ಲಿಷ್ನಲ್ಲಿ ಹೇಳಿದ್ಮೇಲೆ ಎಲ್ರಿಗೂ ನಗು ಬಂತು. ಯಾರದೋ ಮನೇದು ಅನ್ನೋ ಹಂಗಾಯ್ತು. ಗಂಗುಲನ್ನ ಕಳಿಸ್ತೀವಿ. ಈಗ ನಮ್ಮಪ್ಪಂಗೆ ಹೇಳಿದ್ರಲ್ಲ, ಅದನ್ನೇ ಅಲ್ಲಿ ಹೇಳಿ. ಕನ್ನಡದಲ್ಲಿ."

ಅಂದು ಪುಟ್ಟಸ್ವಾಮಯ್ಯ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಗಂಗುಲಮ್ಮ ಕಿಟಕಿಯ ಪಕ್ಕ ಬಂದು ಕೂತಿದ್ದಳು. "ರಾಮಾಂಜಿನಪ್ಪನವರ ಮನೆಗೆ ಬರಬೇಕಾದವರು ಬರಲಿಲ್ಲ" ಎಂದು ಅವರು ಶುರುಮಾಡಿದರು. "ಆ ಚಪ್ಪರದಲ್ಲಿ ನಾನೂ ಕೂತಿದ್ದೆ. ಅವರು ಕೊಟ್ಟ ಕಾಯಿ ಮನೆಗೆ ತಂದೆ. ತಂದು, ಮಾರನೇ ದಿನ ಅವರ ಸಂಕಟಾನ ನಿಮ್ಮ ಮುಂದೆ ನಗೋದಕ್ಕೆ ಇಟ್ಟೆ. ನೀವು ನಕ್ಕಾಗ ನಾನೂ ನಕ್ಕೆ." ಮಾತು ಅಲ್ಲಿಗೆ ಮುಗಿಯಿತು. ಚನ್ನಕೇಶವ ಬೆಂಚಿನ ಮರದಲ್ಲಿದ್ದ ಬಿರುಕನ್ನು ಉಗುರಿನಿಂದ ಕೆರೆಯುತ್ತಿದ್ದ. ಯಾರೂ ನಗಲಿಲ್ಲ. ಗಂಗುಲಮ್ಮ ಪುಸ್ತಕ ತೆರೆದಳು, ಮೇಷ್ಟ್ರ ಕಡೆ ನೋಡಲಿಲ್ಲ.

ಅವಳು ಓದು ಮುಗಿಸಿ ಪರೀಕ್ಷೆಯಲ್ಲಿ ಪಾಸಾದಳು. ಆದರೆ ಮೊದಲು ವಾಕ್ಯ ಹೇಳಲು ತಾನು ತಾನೆಂದು ಕೈ ಎತ್ತುತ್ತಿದ್ದವಳು, ಮತ್ತೆಂದೂ ಆ ಕ್ಲಾಸಿನಲ್ಲಿ ಕೈ ಎತ್ತಲಿಲ್ಲ. ಬೀದಿಯ ಕೂಗು ಕೂಡ ಒಂದೇ ದಿನಕ್ಕೆ ಹೋಗಲಿಲ್ಲ. ಹುಡುಗರಿಗೆ ಬೇರೆ ಆಟ ಸಿಕ್ಕ ಮೇಲೆ ಹೋಯಿತು.

ಮುಂದಿನ ವರ್ಷ ಕದಿರಮ್ಮನ ಮದುವೆ ಗೊತ್ತಾಯಿತು. ಗಂಡು ನಂದಿಯವನು, ದ್ರಾಕ್ಷಿ ತೋಟದ ಮನೆತನ. ರಾಮಾಂಜಿನಪ್ಪ ಹೆಂಡತಿಯೊಂದಿಗೆ ತಾನೇ ಬಂದು ಅಕ್ಷತೆ ಕೊಟ್ಟ. "ನಿಮ್ಮ ಹುಟ್ಟೂರಿಗೇ ಕೊಡ್ತಾ ಇದ್ದೀವಿ ಮೇಷ್ಟ್ರೇ. ನೀವು ಬರ್ಲೇಬೇಕು. ಕದಿರಿ ಹೇಳಿ ಕಳಿಸವಳೆ."

ಪುಟ್ಟಸ್ವಾಮಯ್ಯ ಅಂದು ಒಗೆದ ಪಂಚೆ ಉಟ್ಟು, ಕೋಟು ತೊಟ್ಟು, ಪದ್ಮಮ್ಮನ ಜೊತೆ ಹೊರಟರು. ಬೀದಿಯ ತಿರುವಿನಿಂದ ಚಪ್ಪರ ಕಂಡಿತು. ಕಳೆದ ವರ್ಷ ಕಟ್ಟಿದ್ದ ಜಾಗದಲ್ಲೇ ಕಟ್ಟಿದ್ದರು. ವಾಲಗ ಕೇಳುತ್ತಿತ್ತು. ಚಪ್ಪರದ ಕಂಬ ಹಿಡಿದು ಚನ್ನಕೇಶವ ನಿಂತಿದ್ದ, ಬಂದವರಿಗೆ ಪನ್ನೀರು ಚಿಮುಕಿಸುತ್ತಿದ್ದ. ಜಮಖಾನದ ಮೇಲೆ ಕೂತವರೆಲ್ಲ ಒಮ್ಮೆ ತಮ್ಮ ಕಡೆ ತಿರುಗುತ್ತಾರೆ, ಆ ವಾಕ್ಯ ಎಲ್ಲರ ಮನಸ್ಸಿನಲ್ಲೂ ಒಂದು ಸಲ ಹಾದುಹೋಗುತ್ತದೆ, ಮದುವಣಗಿತ್ತಿಯ ಮನಸ್ಸಿನಲ್ಲೂ ಹಾದುಹೋಗುತ್ತದೆ ಎಂದು ಅವರಿಗೆ ಅನ್ನಿಸಿತು.

"ನೀನು ನಡಿ. ನಾನು ಬಂದೆ."

ಬರಲಿಲ್ಲ. ರೈಲ್ವೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೋಟು ತೊಟ್ಟು ಕೂತಿದ್ದರು. ಚಿಂತಾಮಣಿಗೆ ಹೋಗುವ ರೈಲು ಬಂತು. ಹತ್ತುವವರು ಹತ್ತಿದರು. ಸ್ಟೇಷನ್ ಮಾಸ್ಟರು, "ಯಾರನ್ನಾದ್ರೂ ಕರ್ಕೊಂಡು ಹೋಗೋಕೆ ಬಂದ್ರಾ ಮೇಷ್ಟ್ರೇ?" ಎಂದರು. ಇಲ್ಲವೆಂದು ತಲೆ ಅಲ್ಲಾಡಿಸಿದರು.

ಪದ್ಮಮ್ಮ ಮನೆಗೆ ಬಂದಾಗ ಸೆರಗಿನಲ್ಲಿ ತಾಂಬೂಲದ ಕಾಯಿ ಇತ್ತು. ಅದನ್ನು ಗಂಡನ ಮುಂದಿಟ್ಟರು.

"ಧಾರೆ ಆಗೋವರೆಗೂ ರಾಮಾಂಜಿನಪ್ಪ ನಿಮಗೆ ಅಂತ ಮುಂದೆ ಜಾಗ ಹಿಡಿದಿದ್ರು. ಆಮೇಲೂ ಬಾಗಿಲ ಕಡೆನೇ ನೋಡ್ತಿದ್ರು. ಆ ಹುಡುಗಿನೂ ಒಂದೆರಡು ಸಲ ತಲೆ ಎತ್ತಿ ನೋಡ್ತು."

"ನೀನು ಏನು ಹೇಳಿದೆ?"

"ಏನು ಹೇಳಲಿ? ಬರಲಿಲ್ಲ ಅಂದೆ."

ಸ್ವಲ್ಪ ದಿನಕ್ಕೆ ಅವರಿಗೆ ಚಿಂತಾಮಣಿಗೆ ವರ್ಗವಾಯಿತು, ಅಲ್ಲಿಂದ ಗೌರಿಬಿದನೂರಿಗೆ. ಊರು ಬದಲಾಯಿತು, ಜೋಡಿಪದಗಳು ಅವೇ ಉಳಿದವು. ವಾಕ್ಯದಲ್ಲಿ ಮಾತ್ರ ಬೇರೆ ಯಾರ ಹೆಸರೂ ಬರಲಿಲ್ಲ. ಹಾಲು ಉಕ್ಕುವುದೂ, ಕೊಡೆ ಹಾರುವುದೂ, ಬಸ್ಸು ಕೆಡುವುದೂ ತಮ್ಮ ಮನೆಯೊಳಗೇ ನಡೆಯುವಂತೆ ನೋಡಿಕೊಂಡರು. ಹುಡುಗರು ಬಿದ್ದು ಬಿದ್ದು ನಕ್ಕರು. ನಗಲಿ ಎಂದು ಬಿಟ್ಟರು.

ಅಲ್ಲಿಯೂ ಪ್ರತಿ ವರ್ಷ ಟರ್ನ್ ಅಪ್ ಬರುತ್ತಿತ್ತು. ಅರವತ್ತೆಂಟರಲ್ಲಿ ಅದು ಬಂದಾಗ ಅವರ ಕನ್ನಡಕ ದಪ್ಪವಾಗಿತ್ತು, ಕೈಬರಹ ಕೊಂಚ ಸೊಟ್ಟಗಾಗಿತ್ತು. ಎಂದಿನಂತೆ ಬರೆದರು: "ಪುಟ್ಟಸ್ವಾಮಯ್ಯ ಡಿಡ್ ನಾಟ್ ಟರ್ನ್ ಅಪ್."

ಹುಡುಗರು ಖುಷಿಯಾಗಿ ಮುಂದಕ್ಕೆ ಬಾಗಿದರು.

"ಎಲ್ಲಿಗೆ ಸಾರ್?"

"ಒಂದು ಮದುವೆಗೆ."

"ಯಾಕ್ ಸಾರ್, ಬಸ್ ಕೆಟ್ಟೋಯ್ತಾ?"

"ಕೊಡೆ ಹಾರೋಯ್ತೇನೋ ಕಣೋ!" ಎಂದ ಇನ್ನೊಬ್ಬ. ಕ್ಲಾಸು ನಗೆಯಲ್ಲಿ ಮುಳುಗಿತು.

ನಗು ತಾನಾಗಿ ಇಳಿಯುವವರೆಗೆ ಪುಟ್ಟಸ್ವಾಮಯ್ಯ ಸೀಮೆಸುಣ್ಣ ಹಿಡಿದು ನಿಂತಿದ್ದರು.

"ಇಲ್ಲಪ್ಪ. ನಡೆದು ಹೋಗೋ ಅಷ್ಟು ಹತ್ತಿರ ಇತ್ತು ಮನೆ. ವಾಲಗ ಕೇಳ್ತಿತ್ತು."

"ಮತ್ತೆ ಯಾಕ್ ಸಾರ್ ಹೋಗ್ಲಿಲ್ಲ?"

ಅವರು ಬೋರ್ಡಿನ ಕಡೆ ತಿರುಗಿ, ಆ ವಾಕ್ಯದ ಕೆಳಗೆ ನಿಧಾನವಾಗಿ ಒಂದು ಗೆರೆ ಎಳೆದರು.

"ಬರ್ಕೊಳ್ಳಿ" ಅಂದರು.